ಸೋಗೆ ಬೇರೆ, ಪುಕ್ಕ ಬೇರೆ: ನವಿಲಿನ ಹೆಸರುಗಳನ್ನು ಓದುವ ಬಗೆ

ಚನ್ನಗಿರಿಯ ತೋಟಗಳಲ್ಲಿ ಸೋಗೆ ಎಂದರೆ ಅಡಕೆ ಮರದಿಂದ ಕಳಚಿ ಬೀಳುವ ಉದ್ದನೆಯ ಗರಿ. ಅದೇ ಜಿಲ್ಲೆಯ ಜಗಳೂರು ಬಯಲಿಗೆ ಹೋದರೆ ಆ ಮಾತು ನವಿಲಿಗೂ ಸಲ್ಲುತ್ತದೆ: ಗಂಡು ನವಿಲು ಹಿಂದೆ ಎಳೆದುಕೊಂಡು ಹೋಗುವ ಗರಿಗಳ ಹೊರೆಯೇ ಸೋಗೆ. ಶಾಲೆಯ ಇಂಗ್ಲಿಷಿನಲ್ಲಿ ಅದನ್ನು ‘ಟೇಲ್’ ಎಂದು ಕಲಿತು ಕನ್ನಡದಲ್ಲಿ ‘ಬಾಲ’ ಎಂದು ಬರೆಯುವವರು ಹೆಚ್ಚಾಗಿದ್ದಾರೆ. ಸೋಗೆ ನವಿಲಿನ ಬಾಲವಲ್ಲ. ನಮ್ಮ ಗಾದೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ನವಿಲು ಕುಣಿಯಿತೆಂದು ಕೆಂಬೂತ ಕೆದರಿಕೊಂಡಿದ್ದು ಪುಕ್ಕವನ್ನು, ಸೋಗೆಯನ್ನಲ್ಲ.

ಈಗ ಮೊಬೈಲಿನಲ್ಲಿ ಬರುವ ಹೊರದೇಶದ ಪಕ್ಷಿ ಫಾರ್ಮುಗಳ ವಿಡಿಯೊಗಳಿಂದ ಇನ್ನೊಂದು ರಾಶಿ ಹೆಸರು ಬಂದು ಬಿದ್ದಿದೆ: ಸ್ಪಾಲ್ಡಿಂಗ್, ಕ್ಯಾಮಿಯೋ, ಬ್ಲ್ಯಾಕ್ ಶೋಲ್ಡರ್, ಸಿಲ್ವರ್ ಪೈಡ್, ಓಪಲ್. ಕೇಳಿದವರು ಇವೆಲ್ಲ ನವಿಲಿನ ‘ಜಾತಿ’ಗಳು ಎಂದುಕೊಳ್ಳುತ್ತಾರೆ. ಈ ಐದು ಹೆಸರುಗಳಲ್ಲಿ ಒಂದೂ ಜಾತಿಯಲ್ಲ. ಒಂದು ಬೆರಕೆ, ಎರಡು ಬಣ್ಣ, ಎರಡು ಚಿತ್ತಾರ. ನವಿಲಿನ ಯಾವ ಹೆಸರು ಕಿವಿಗೆ ಬಿದ್ದರೂ ಮೊದಲು ಕೇಳಬೇಕಾದದ್ದು ಒಂದೇ: ಈ ಹೆಸರು ಹಕ್ಕಿಯ ಪ್ರಭೇದವನ್ನು ಹೇಳುತ್ತಿದೆಯೋ, ಮೈಬಣ್ಣವನ್ನೋ, ಬಣ್ಣ ಮೈಮೇಲೆ ಹರಡಿದ ರೀತಿಯನ್ನೋ? ಇದು ತಿಳಿಯಿತೆಂದರೆ ಅರ್ಧ ಗೊಂದಲ ಹರಿದಂತೆ.

ಮೊದಲು ಮೈಯ ಭಾಗಗಳನ್ನು ನೋಡೋಣ. ಅವುಗಳ ಹೆಸರು ಸರಿಯಾಗಿ ಗೊತ್ತಿಲ್ಲದೆ ಮುಂದಿನದು ಯಾವುದೂ ಹಿಡಿತಕ್ಕೆ ಸಿಗುವುದಿಲ್ಲ.

ಸೋಗೆಯಿಂದ ಜುಟ್ಟಿನವರೆಗೆ

ನವಿಲಿನ ನಿಜವಾದ ಬಾಲದಲ್ಲಿ 20 ಗರಿಗಳಿವೆ. ಮಾಸಲು ಕಂದು ಬಣ್ಣ, ಗಡುಸು ಕಡ್ಡಿ, ಉದ್ದ 40ರಿಂದ 45 ಸೆಂಟಿಮೀಟರ್. ಇದೇ ಪುಕ್ಕ. ಬೆನ್ನು ಮುಗಿದು ಪುಕ್ಕ ಶುರುವಾಗುವ ಜಾಗದಲ್ಲಿ ಹೆಚ್ಚಿನ ಹಕ್ಕಿಗಳಿಗೆ ಪುಟ್ಟ ಹೊದಿಕೆ ಗರಿಗಳಿರುತ್ತವೆ. ಗಂಡು ನವಿಲಿನಲ್ಲಿ ಆ ಹೊದಿಕೆ ಗರಿಗಳೇ ಒಂದೂವರೆ ಮೀಟರಿನಷ್ಟು ಬೆಳೆದು ಸೋಗೆಯಾಗಿವೆ. ನವಿಲು ಕುಣಿಯುವಾಗ ಎಲ್ಲರೂ ಮುಂದಿನಿಂದ ಫೋಟೊ ತೆಗೆಯುತ್ತಾರೆ. ಹಿಂದಿನಿಂದ ನೋಡಿದರೆ ಕಂದು ಪುಕ್ಕ ಸೆಟೆದು ನಿಂತು ಸೋಗೆಗೆ ಆನಿಕೆ ಕೊಟ್ಟಿರುವುದು ಕಾಣುತ್ತದೆ, ಹಂದರಕ್ಕೆ ಗೂಟ ಕೊಟ್ಟ ಹಾಗೆ.

ಸೋಗೆಯ ಗರಿಗಳೆಲ್ಲ ಒಂದೇ ತರದವಲ್ಲ. ಹೆಚ್ಚಿನವು ಕಣ್ಣುಗರಿಗಳು. ಆ ಕಣ್ಣಿಗೆ ಹಳೆಯ ಕಾವ್ಯಭಾಷೆಯಲ್ಲಿ ‘ಚಂದ್ರಕ’ ಎಂಬ ಹೆಸರಿದೆ, ಪೂರ್ತಿ ಬೆಳೆದ ಗಂಡಿನಲ್ಲಿ ಇವು ಸುಮಾರು 150. ಸೋಗೆಯ ಹೊರ ಅಂಚಿನಲ್ಲಿ ಕಣ್ಣಿಲ್ಲದ, ತುದಿ ಮೀನಿನ ಬಾಲದಂತೆ ಕವಲೊಡೆದ ಗರಿಗಳಿರುತ್ತವೆ. ಬಿಚ್ಚಿದ ಸೋಗೆಯ ಮೇಲಂಚು ಅರ್ಧಚಂದ್ರಗಳ ಸಾಲಿನಂತೆ ಕಾಣುವುದು ಇವುಗಳಿಂದ. ಎರಡೂ ಪಕ್ಕಕ್ಕೆ ಒಳಬಾಗಿದ ಕತ್ತಿಗರಿಗಳು, ಒಂದೇ ಬದಿಗೆ ದಟ್ಟ ಎಳೆ, ಕಣ್ಣಿಲ್ಲ. ಬೆನ್ನಿನ ಮೇಲೆ ಹೊನ್ನು ಬೆರೆತ ಹಸಿರು ಹುರುಪೆ ಗರಿಗಳು, ಮೀನಿನ ಪೊರೆಯಂತೆ ಒಂದರ ಮೇಲೊಂದು. ಜಾತ್ರೆಯಲ್ಲಿ ಬಿಡಿ ಗರಿ ಮಾರುವವರ ಕಟ್ಟಿನಲ್ಲಿ ಕಣ್ಣುಗರಿ ಮಾತ್ರ ಇರುತ್ತದೆ. ಉಳಿದವುಗಳನ್ನು ಕೈಗಿಟ್ಟರೆ ನವಿಲಿನದೆಂದೇ ಎಷ್ಟೋ ಜನ ನಂಬುವುದಿಲ್ಲ.

ಕಣ್ಣುಗರಿಯನ್ನು ಹತ್ತಿರದಿಂದ ನೋಡಿ. ನಡುವಿನ ದಂಟಿನಿಂದ ಎರಡೂ ಕಡೆಗೆ ಎಳೆಗಳು, ಒಂದೊಂದು ಎಳೆಯಿಂದ ಮತ್ತೆ ಸಣ್ಣ ಮರಿ ಎಳೆಗಳು. ಕೆಳಗಿನ ಎಳೆಗಳು ಒಂದಕ್ಕೊಂದು ಅಂಟದೆ ಸಡಿಲವಾಗಿ ಜೋಲುತ್ತವೆ. ಕಣ್ಣಿನ ಜಾಗದಲ್ಲಿ ಮಾತ್ರ ಮರಿ ಎಳೆಗಳು ಸೂಕ್ಷ್ಮ ಕೊಕ್ಕೆಗಳಿಂದ ಹೆಣೆದುಕೊಂಡು ಒಂದೇ ಹಾಳೆಯಾಗಿರುತ್ತವೆ. ಗಂಡು ಸೋಗೆ ಬಿಚ್ಚಿ ಸೆಕೆಂಡಿಗೆ ಸುಮಾರು 25 ಬಾರಿ ಅದುರಿಸುವಾಗ ಸಡಿಲ ಎಳೆಗಳು ಮಿರುಗಿ ಅಲೆಯಾಡುತ್ತವೆ, ಕಣ್ಣುಗಳು ಮಾತ್ರ ಗಾಳಿಯಲ್ಲಿ ನಿಂತಂತೆ ಕದಲದೆ ಇರುತ್ತವೆ. ಹೆಣ್ಣನ್ನು ಹಿಡಿದು ನಿಲ್ಲಿಸುವ ಕಸುಬು ಇರುವುದು ಇಲ್ಲಿ. ನವಿಲಿನ ಕಣ್ಣೀರು ಕುಡಿದು ಹೆಣ್ಣು ಗಬ್ಬವಾಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಿದೆ. ನವಿಲು ಕೂಡುವುದು ಕೋಳಿ ಕೂಡುವ ಹಾಗೆಯೇ. ಹೆಣ್ಣು ನೆಲದಲ್ಲಿ ಸಣ್ಣ ತಗ್ಗು ಮಾಡಿ 4ರಿಂದ 8 ಮೊಟ್ಟೆಯಿಟ್ಟು 28 ದಿನದ ಆಸುಪಾಸು ಕಾವು ಕೊಡುತ್ತದೆ. ಗಂಡು ಕಾವಿಗೂ ಇಲ್ಲ, ಮರಿಗೂ ಇಲ್ಲ.

ಸೋಗೆ ವರ್ಷಕ್ಕೊಮ್ಮೆ ಪೂರ್ತಿ ಉದುರುತ್ತದೆ. ಕೂಡುವ ಕಾಲ ಮುಗಿಯುತ್ತಿದ್ದಂತೆ ಒಂದೊಂದೇ ಗರಿ ಕಳಚಿ, ಕೆಲವು ತಿಂಗಳಲ್ಲಿ ಹೊಸದು ಬೆಳೆಯುತ್ತದೆ. ಹಾಗೆ ಬೋಳಾದ ಗಂಡನ್ನು ದೂರದಿಂದ ಕಂಡು ಹೆಣ್ಣೆಂದು ಎಣಿಸುವುದು ಅತಿ ಸಾಮಾನ್ಯ ತಪ್ಪು. ಕತ್ತು ನೋಡಿದರೆ ಮುಗಿಯಿತು. ಗಂಡಿನ ಕತ್ತು, ಎದೆ ಪೂರಾ ನೀಲಿ. ಹೆಣ್ಣಿನ ಕತ್ತಿನ ಕೆಳಭಾಗದಲ್ಲಿ ಹಸಿರು ಹೊಳಪು, ಮೈ ಕಂದು, ಹೊಟ್ಟೆ ಬಿಳಿ. ವರ್ಷದೊಳಗಿನ ಗಂಡು ಮರಿಯದೇ ಕಷ್ಟ, ಅದು ತಾಯಿಯನ್ನೇ ಹೋಲುತ್ತದೆ. ಅದು ಹಾರುವಾಗ ರೆಕ್ಕೆಯ ದೊಡ್ಡ ಗರಿಗಳನ್ನು ನೋಡಬೇಕು. ಇಟ್ಟಿಗೆಯಂಥ ಕೆಂಗಂದು ಕಂಡರೆ ಗಂಡು, ಮಾಸಲು ಕಂದಾದರೆ ಹೆಣ್ಣು. ಎರಡನೇ ವರ್ಷದ ನಂತರ ಸೋಗೆ ಮೊಳೆಯುತ್ತದೆ, ಪೂರ್ತಿ ಉದ್ದಕ್ಕೆ ಬರಲು ನಾಲ್ಕು ವರ್ಷ ಬೇಕು. ಆದ್ದರಿಂದ ‘ಸೋಗೆ ಗಿಡ್ಡ, ಬೇರೆ ತಳಿ ಇರಬೇಕು’ ಎಂದು ಯಾರಾದರೂ ಹೇಳಿದರೆ ಮೊದಲು ಹಕ್ಕಿಯ ವಯಸ್ಸು ಕೇಳಿ.

ಜುಟ್ಟು ಇನ್ನೊಂದು ಗುರುತು, ಬೆರಕೆ ಪತ್ತೆಗೆ ಅತ್ಯಂತ ಉಪಯೋಗದ್ದು. ನಮ್ಮ ನವಿಲಿನ ಜುಟ್ಟು ಬೀಸಣಿಗೆ: ಬರೀ ಕಡ್ಡಿಗಳು, ತುದಿಯಲ್ಲಿ ಮಾತ್ರ ಪುಟ್ಟ ನೀಲಿ ಎಲೆ. ಮುಖದಲ್ಲಿ ಕಣ್ಣಿನ ಮೇಲೊಂದು ಬಿಳಿ ಪಟ್ಟೆ, ಕೆಳಗೊಂದು ಬಿಳಿ ಬೋಳು ಚರ್ಮ. ಕಾಲಿನ ಹಿಂಬದಿಯಲ್ಲಿ ಗಂಡಿಗೆ ಹುಂಜದಂತೆ ಮುಳ್ಳು. ಕೊಕ್ಕಿನಿಂದ ಪುಕ್ಕದ ತುದಿಯವರೆಗೆ ಗಂಡು 100ರಿಂದ 115 ಸೆಂಟಿಮೀಟರ್, ಬೆಳೆದ ಸೋಗೆ ಸೇರಿಸಿದರೆ 195ರಿಂದ 225. ತೂಕ 4ರಿಂದ 6 ಕಿಲೊ. ಉದ್ದ ಬರೆಯುವಾಗ ಎಲ್ಲಿಯವರೆಗೆ ಅಳೆದದ್ದು ಎಂದು ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ.

ಪ್ರಭೇದ ಮೂರೇ

ಭೂಮಿಯ ಮೇಲೆ ಇರುವ ನವಿಲು ಮೂರು ಬಗೆ. ಭಾರತದ ನೀಲಿ ನವಿಲು ಪಾವೋ ಕ್ರಿಸ್ಟಾಟಸ್. 1963ರಲ್ಲಿ ರಾಷ್ಟ್ರಪಕ್ಷಿಯಾದದ್ದು ಇದು. ಚಿತ್ರದುರ್ಗ ಕೋಟೆಯ ಬಂಡೆಗಳ ನಡುವೆ, ಜೋಗಿಮಟ್ಟಿಯ ಕಾಡಿನಲ್ಲಿ, ರಂಗಯ್ಯನದುರ್ಗದ ಕುರುಚಲಿನಲ್ಲಿ, ಚಳ್ಳಕೆರೆಯ ಶೇಂಗಾ ಹೊಲದಲ್ಲಿ ಕಾಣುವುದೂ ಇದೇ, ಇದೊಂದೇ. ಹಾವೇರಿ ಕಡೆಯ ಬಂಕಾಪುರ ಕೋಟೆಯ ನವಿಲುಧಾಮದಲ್ಲಿರುವುದೂ ಇದೇ. ಬಿತ್ತಿದ ಶೇಂಗಾ ಬೀಜ ಕೆದಕಿ ತಿನ್ನುವ ಹಿಂಡಿನಲ್ಲಿ ಹಕ್ಕಿಗಳು ಹೇಗೇ ಕಂಡರೂ, ಸೋಗೆಯುಳ್ಳದ್ದು, ಇಲ್ಲದ್ದು, ಕಂದು, ನೀಲಿ, ಎಲ್ಲವೂ ಒಂದೇ ಪ್ರಭೇದದ ಗಂಡು, ಹೆಣ್ಣು, ಎಳೆಯವು.

ಎರಡನೆಯದು ಹಸಿರು ನವಿಲು, ಪಾವೋ ಮ್ಯೂಟಿಕಸ್. ಮ್ಯಾನ್ಮಾರಿನಿಂದ ಇಂಡೊಚೀನಾ, ಅಲ್ಲಿಂದ ಜಾವಾವರೆಗೆ ಇದರ ನೆಲೆ. ಈಗ ಅಳಿವಿನಂಚಿನಲ್ಲಿದೆ. ಇದಕ್ಕೆ ಮೂರು ಉಪಪ್ರಭೇದಗಳು: ಜಾವಾದ್ದು, ಇಂಡೊಚೀನಾದ್ದು, ಬರ್ಮಾದ್ದು. ಕತ್ತಿನ ಗರಿಗಳನ್ನು ನೋಡಿದರೆ ನಮ್ಮದಕ್ಕೂ ಅದಕ್ಕೂ ಇರುವ ದೂರ ತಿಳಿಯುತ್ತದೆ. ನಮ್ಮ ನವಿಲಿನ ಕತ್ತಿನಲ್ಲಿ ಕೂದಲಿನಂಥ ಗರಿ, ಹಸಿರು ನವಿಲಿನ ಕತ್ತಿನಲ್ಲಿ ಹುರುಪೆ ಹುರುಪೆ. ಜುಟ್ಟು ಬೀಸಣಿಗೆಯಲ್ಲ, ನೆಟ್ಟಗೆ ನಿಂತ ಈಟಿಯ ಕಟ್ಟು. ಮುಖದ ಬೋಳು ಚರ್ಮ ಬಿಳಿಯಲ್ಲ, ನೀಲಿ ಮತ್ತು ಅರಿಸಿನ. ಕಾಲು ಉದ್ದ, ನಿಲುವು ನೆಟ್ಟಗೆ. ಹೆಣ್ಣೂ ಗಂಡಿನಷ್ಟೇ ಹಸಿರಾಗಿರುವುದರಿಂದ ಸೋಗೆಯಿಲ್ಲದ ಕಾಲದಲ್ಲಿ ಗಂಡು ಹೆಣ್ಣು ಬೇರ್ಪಡಿಸುವುದು ಕಷ್ಟ. ಒಂದು ಎಚ್ಚರಿಕೆ: ನಮ್ಮ ಹೆಣ್ಣು ನವಿಲಿನ ಕತ್ತು ಹಸಿರಾಗಿದೆ ಎಂಬ ಕಾರಣಕ್ಕೆ ‘ಇದು ಹಸಿರು ನವಿಲು’ ಎಂದು ಶೀರ್ಷಿಕೆ ಕೊಟ್ಟ ಫೋಟೊಗಳು ಸಾಕಷ್ಟಿವೆ. ಮುಖದಲ್ಲಿ ಬಿಳಿ ಪಟ್ಟೆ ಇದ್ದರೆ ಮಾತು ಅಲ್ಲಿಗೆ ಮುಗಿಯಿತು, ಅದು ನಮ್ಮದೇ.

ಮೂರನೆಯದು ಆಫ್ರಿಕಾದ ಕಾಂಗೋ ನವಿಲು, ಆಫ್ರೊಪಾವೋ ಕಾಂಜೆನ್ಸಿಸ್. ಸೋಗೆಯೇ ಇಲ್ಲದ ನವಿಲು. ಜೇಮ್ಸ್ ಚಾಪಿನ್ ಎಂಬ ಅಮೆರಿಕದ ವಿಜ್ಞಾನಿಗೆ 1913ರಲ್ಲಿ ಕಾಂಗೋದ ಜನರ ತಲೆಯುಡುಗೆಯಲ್ಲಿ ಗುರುತು ಸಿಗದ ಒಂದು ಗರಿ ದೊರಕಿತ್ತು. 1936ರಲ್ಲಿ ಬೆಲ್ಜಿಯಂನ ಟೆರ್ವುರೆನ್ ವಸ್ತುಸಂಗ್ರಹಾಲಯದಲ್ಲಿ ಅದೇ ಗರಿಯ ಎರಡು ತುಂಬಿಟ್ಟ ಹಕ್ಕಿಗಳು ಕಣ್ಣಿಗೆ ಬಿದ್ದವು. ಅವುಗಳ ಚೀಟಿಯಲ್ಲಿ ‘ಎಳೆಯ ಭಾರತೀಯ ನವಿಲು’ ಎಂದು ಬರೆದಿತ್ತಂತೆ. ಚೀಟಿ ತಪ್ಪಿದ್ದರಿಂದ ಒಂದು ಇಡೀ ಪ್ರಭೇದ ಕಪಾಟಿನಲ್ಲೇ ಕೂತಿತ್ತು.

ಬೆರಕೆ

ಎರಡು ಪ್ರಭೇದ ಕೂಡಿ ಹುಟ್ಟಿದ್ದು ಬೆರಕೆ, ಮಿಶ್ರತಳಿ. ಒಂದೇ ಪ್ರಭೇದದ ಬಿಳಿ ಮತ್ತು ನೀಲಿ ಹಕ್ಕಿ ಕೂಡಿ ಹುಟ್ಟಿದ್ದು ಬೆರಕೆಯಲ್ಲ. ಹಳ್ಳಿಕಾರ್ ಹೋರಿಯಲ್ಲಿ ಬೂದು, ಬಿಳಿ ಇದ್ದ ಹಾಗೆ ಅದು ಬಣ್ಣದ ವಿಚಾರ.

ನೀಲಿ ನವಿಲು ಮತ್ತು ಹಸಿರು ನವಿಲಿನ ಬೆರಕೆಗೆ ಸ್ಪಾಲ್ಡಿಂಗ್ ಎಂಬ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಹಕ್ಕಿಗಳನ್ನು ಬೆಳೆಸಿದ ಶ್ರೀಮತಿ ಕೀತ್ ಸ್ಪಾಲ್ಡಿಂಗ್ ಅವರಿಂದ ಬಂದದ್ದು. ಹೇಸರಗತ್ತೆಯಂತೆ ಇದು ಬಂಜೆಯಲ್ಲ, ಮುಂದಿನ ಪೀಳಿಗೆ ಕೊಡುತ್ತದೆ. ತೊಡಕು ಹುಟ್ಟುವುದೂ ಅಲ್ಲಿಯೇ. ಮೊದಲ ಪೀಳಿಗೆಯಲ್ಲಿ ಹಸಿರು ರಕ್ತ 50%. ಆ ಮರಿಯನ್ನು ಶುದ್ಧ ಹಸಿರಿಗೆ ಕೂಡಿಸಿದರೆ 75%, ಮತ್ತೊಮ್ಮೆ ಕೂಡಿಸಿದರೆ 87.5%. ನೀಲಿಗೆ ಕೂಡಿಸಿದರೆ 25%ಕ್ಕೆ ಇಳಿಯುತ್ತದೆ. ಇಷ್ಟಕ್ಕೂ ಹೆಸರು ಒಂದೇ, ಸ್ಪಾಲ್ಡಿಂಗ್. 75% ದಾಟಿದಂತೆ ಕಾಣುವ ಹಕ್ಕಿಗೆ ‘ಎಮರಾಲ್ಡ್’ ಎನ್ನುವ ರೂಢಿ ಇದೆ. ಆದರೆ ಅದು ವ್ಯಾಪಾರದ ಹೆಸರೇ ಹೊರತು ಅಳತೆಯಲ್ಲ. ಮೊದಲ ಪೀಳಿಗೆಯ ನಂತರ ಶೇಕಡಾವಾರು ಸರಾಸರಿ ಮಾತ್ರ: ಒಂದೇ ಕಾವಿನ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಹೆಚ್ಚು ಹಸಿರು, ಒಬ್ಬ ಹೆಚ್ಚು ನೀಲಿ ಆಗಬಹುದು.

ಸ್ಪಾಲ್ಡಿಂಗ್ ಗುರುತಿಸಲು ಒಂದು ಲಕ್ಷಣ ಸಾಲದು. ಕಾಲು ಉದ್ದ ಎಂದು ತೀರ್ಮಾನಿಸಿದರೆ ಮೋಸ ಹೋಗುತ್ತೀರಿ, ಒಳ್ಳೆಯ ಮೈಕಟ್ಟಿನ ನೀಲಿ ನವಿಲೂ ಎತ್ತರವೇ. ಮೂರನ್ನು ಒಟ್ಟಿಗೆ ನೋಡಬೇಕು: ಜುಟ್ಟಿನ ಕಡ್ಡಿಗೆ ತುದಿಯಿಂದ ಕೆಳಗೂ ಎಲೆ ಇಳಿದಿದೆಯೇ, ಮುಖದ ಬಿಳಿಯಲ್ಲಿ ಅರಿಸಿನ ನೆರಳಿದೆಯೇ, ಕತ್ತಿನ ಗರಿ ಹುರುಪೆಯ ಕಡೆಗೆ ತಿರುಗಿದೆಯೇ. ನೋಡಲು ಚೆಂದವಾದ ಈ ಬೆರಕೆ ಸಂರಕ್ಷಣೆಯವರಿಗೆ ತಲೆನೋವು. ಅಳಿವಿನಂಚಿನ ಹಸಿರು ನವಿಲಿನ ಸಾಕು ಹಿಂಡಿನಲ್ಲಿ ಒಂದು ಸ್ಪಾಲ್ಡಿಂಗ್ ನುಸುಳಿತೆಂದರೆ, ನಾಲ್ಕಾರು ಪೀಳಿಗೆಯ ನಂತರ ಕಣ್ಣಿಗೆ ಬೇರ್ಪಡಿಸಲು ಬಾರದು.

ಬಣ್ಣ ಎಲ್ಲಿಂದ ಬಂತು

ಬಣ್ಣದ ತಳಿಗಳನ್ನು ತಿಳಿಯುವ ಮುಂಚೆ ಒಂದು ಸಂಗತಿ. ನವಿಲಿನ ಗರಿಯಲ್ಲಿ ನೀಲಿ ಬಣ್ಣವೇ ಇಲ್ಲ. ಗರಿಯನ್ನು ಅರೆದು ಪುಡಿ ಮಾಡಿದರೆ ಸಿಗುವುದು ಕಂದುಗಪ್ಪು. ಮರಿ ಎಳೆಗಳೊಳಗೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಸಣ್ಣ ಕಡ್ಡಿಗಳಾಗಿ, ಜೋಡಿಸಿಟ್ಟ ಸೌದೆಯಂತೆ, ಅಚ್ಚುಕಟ್ಟಾದ ಅಂತರದಲ್ಲಿ ಕೂತಿದೆ. ಆ ಅಂತರ ಸುಮಾರು 140 ನ್ಯಾನೊಮೀಟರ್ ಇದ್ದಲ್ಲಿ ನೀಲಿ ಬೆಳಕು ತಿರುಗಿ ಬರುತ್ತದೆ, 150 ಇದ್ದಲ್ಲಿ ಹಸಿರು, 165 ಇದ್ದಲ್ಲಿ ಹಳದಿ. ಕಣ್ಣಿನ ಒಳಗಿನ ನೀಲಿ ಬೊಟ್ಟು, ಸುತ್ತಲಿನ ಕಂಚು, ಹೊರಗಿನ ಹೊನ್ನು ಹಸಿರು ಎಲ್ಲ ಇದೇ ಲೆಕ್ಕ. ಮೊಳಕಾಲ್ಮೂರಿನ ರೇಷ್ಮೆ ಸೀರೆಯಲ್ಲಿ ನವಿಲು ನೇಯುವವರಿಗೆ ಪ್ರತಿ ಬಣ್ಣಕ್ಕೂ ಬೇರೆ ನೂಲು ಬೇಕು. ನವಿಲಿಗೆ ಒಂದೇ ದ್ರವ್ಯ, ಅಂತರ ಮಾತ್ರ ಬೇರೆ.

ಮೆಲನಿನ್ ಕೆಟ್ಟರೆ ನೀಲಿಯೂ ಕೆಡುತ್ತದೆ ಎಂಬುದು ಇದರಿಂದ ತಾನಾಗಿ ಹೊರಡುತ್ತದೆ. ಬಣ್ಣದ ತಳಿಗಳ ಗುಟ್ಟೆಲ್ಲ ಇಷ್ಟೇ. ಮೆಲನಿನ್ ಗರಿಗೆ ಬರದೇ ಹೋದರೆ ಬಿಳಿ. ಕಪ್ಪಿನ ಬದಲು ತಿಳಿಗಂದು ಆಗಿ ಬಂದರೆ ಕ್ಯಾಮಿಯೋ, ಹಾಲು ಹಾಕಿದ ಕಾಫಿಯ ಬಣ್ಣ, ಹೊಳಪಿಲ್ಲ. ಬಿಳಿ ನವಿಲಿನ ಸೋಗೆಯನ್ನು ಓರೆ ಬೆಳಕಿನಲ್ಲಿ ನೋಡಿದರೆ ಕಣ್ಣಿನ ಆಕಾರ ನೆರಳಿನಂತೆ ಕಾಣುತ್ತದೆ, ಏಕೆಂದರೆ ಎಳೆಗಳ ಹೆಣಿಗೆ ಅಲ್ಲಿಯೇ ಇದೆ, ಹೋದದ್ದು ಕಪ್ಪು ಮಾತ್ರ.

ಬಿಳಿ ನವಿಲನ್ನು ‘ಆಲ್ಬಿನೋ’ ಎನ್ನುವುದು ಪತ್ರಿಕೆಗಳ ಹಳೇ ಚಾಳಿ. ಆಲ್ಬಿನೋ ಹಕ್ಕಿಯಲ್ಲಿ ಮೈಯೆಲ್ಲೂ ಮೆಲನಿನ್ ಇರುವುದಿಲ್ಲ, ಕಣ್ಣು ನಸುಗೆಂಪು. ಮೃಗಾಲಯದ ಬಿಳಿ ನವಿಲುಗಳ ಕಣ್ಣು ನೋಡಿ, ಗಾಢವಾಗಿ ಅಥವಾ ನೀಲಿಯಾಗಿ ಇರುತ್ತದೆ. ಗರಿಗೆ ಮಾತ್ರ ಬಣ್ಣ ತಲುಪಿಲ್ಲ, ಇದಕ್ಕೆ ಲ್ಯೂಸಿಸಂ ಎನ್ನುತ್ತಾರೆ. ಎಷ್ಟು ಬಿಳಿಯಾಗಿದ್ದರೂ ಅದು ಪಾವೋ ಕ್ರಿಸ್ಟಾಟಸ್ ಎಂಬುದನ್ನು ಮರೆಯಬಾರದು.

ಕ್ಯಾಮಿಯೋ 1960ರ ದಶಕದಲ್ಲಿ ಅಮೆರಿಕದ ಸಾಕು ಹಿಂಡಿನಲ್ಲಿ ಕಾಣಿಸಿಕೊಂಡಿತು. ಕಪ್ಪು ಮೆಲನಿನ್ ಗರಿಗೆ ಬಿಸಿಲಿನಿಂದ ರಕ್ಷಣೆಯೂ ಹೌದು. ಅದಿಲ್ಲದ ಕ್ಯಾಮಿಯೋ ಗರಿ ಬೇಸಿಗೆಯ ಹೊತ್ತಿಗೆ ಮಾಸಿ ಬಿಳಿಚಿಕೊಳ್ಳುತ್ತದೆ. ಹಳೇ ಗರಿ ನೋಡಿ ‘ಇದು ಬೇರೆ ಬಣ್ಣ’ ಎಂದು ಹೊಸ ಹೆಸರಿಟ್ಟ ಉದಾಹರಣೆಗಳಿವೆ. ಬಣ್ಣ ಹೇಳಬೇಕಾದದ್ದು ಹೊಸ ಗರಿ ಬಂದ ಕೂಡಲೇ. ಪರ್ಪಲ್, ಪೀಚ್, ಚಾರ್ಕೋಲ್, ಓಪಲ್, ಬ್ರಾಂಜ್, ಮಿಡ್‌ನೈಟ್, ಜೇಡ್, ಟೌಪ್ ಎಂಬಿವೆಲ್ಲ ಹೀಗೇ ಮೆಲನಿನ್ನಿನ ಒಂದಲ್ಲ ಒಂದು ಏರುಪೇರು.

ಚಿತ್ತಾರ: ಹಂಡ, ಕಪ್ಪು ಹೆಗಲು, ಬಿಳಿಗಣ್ಣು

ಬಣ್ಣ ಯಾವುದು ಎಂಬುದು ಒಂದು ಪ್ರಶ್ನೆ, ಅದು ಮೈಮೇಲೆ ಎಲ್ಲೆಲ್ಲಿ ಎಂಬುದು ಇನ್ನೊಂದು. ನಮ್ಮ ಕುರಿಗಾರರು ಕರಿ, ಕೆಂಚ ಎಂದು ಬಣ್ಣಕ್ಕೂ, ಹಂಡ ಎಂದು ಪಟ್ಟೆಗೂ ಬೇರೆ ಮಾತು ಬಳಸುವುದು ಇದೇ ಕಾರಣಕ್ಕೆ.

ಬ್ಲ್ಯಾಕ್ ಶೋಲ್ಡರ್, ಅಂದರೆ ಕಪ್ಪು ಹೆಗಲು. ಮಾಮೂಲಿ ಗಂಡಿನ ಹೆಗಲು ಮತ್ತು ರೆಕ್ಕೆಯ ಮೇಲೆ ಕಂದು ಕಪ್ಪು ಗೆರೆಗಳಿರುತ್ತವೆ, ಮಡಿಸಿದ ರೆಕ್ಕೆ ಹುಲಿಪಟ್ಟೆಯಂತೆ ಕಾಣುತ್ತದೆ. ಈ ಚಿತ್ತಾರದಲ್ಲಿ ಗೆರೆಗಳಿಲ್ಲ, ರೆಕ್ಕೆ ಪೂರ್ತಿ ಕಪ್ಪು, ನೀಲಿ ಹಸಿರು ಹೊಳಪು. 1860ರಲ್ಲಿ ಸ್ಕ್ಲೇಟರ್ ಎಂಬ ಪಕ್ಷಿತಜ್ಞರು ಇದನ್ನು ಪಾವೋ ನಿಗ್ರಿಪೆನ್ನಿಸ್ ಎಂಬ ಬೇರೆ ಪ್ರಭೇದವೆಂದೇ ಹೆಸರಿಸಿದ್ದರು. ಮಾಮೂಲಿ ಹಿಂಡುಗಳಲ್ಲೇ ಇದು ಇದ್ದಕ್ಕಿದ್ದಂತೆ ಹುಟ್ಟುತ್ತದೆ ಎಂದು 1868ರಲ್ಲಿ ಡಾರ್ವಿನ್ ತೋರಿಸಿದರು. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಇದಕ್ಕೆ ‘ಜಪಾನ್ಡ್’ ಎಂಬ ಹೆಸರು. ಕಪ್ಪು ಮೆರುಗೆಣ್ಣೆ ಬಳಿದಂತೆ ಎಂಬ ಅರ್ಥ ಅದಕ್ಕೆ, ಜಪಾನಿನ ನವಿಲು ಎಂದಲ್ಲ.

ಕಪ್ಪು ಹೆಗಲಿನ ಹೆಣ್ಣು ಕಪ್ಪಲ್ಲ, ಅದರ ಮೈ ಕೆನೆಬಿಳಿ, ಮೇಲೆ ಚದುರಿದ ಕಂದು ಚುಕ್ಕೆ. ಮರಿ ಕೂಡ ತಿಳಿ ಹಳದಿ. ಬಿಳಿ ನವಿಲಿನ ಮರಿಯೂ ಹಳದಿಯೇ ಆದ್ದರಿಂದ ಎಳವೆಯಲ್ಲಿ ಎರಡನ್ನೂ ಅದಲುಬದಲು ಮಾಡಿಕೊಳ್ಳುವುದುಂಟು. ಗರಿ ಬಲಿತಂತೆ ಕಂದು ಚುಕ್ಕೆ ಮೂಡಿದರೆ ಕಪ್ಪು ಹೆಗಲು, ಕೊನೆತನಕ ಮೂಡದಿದ್ದರೆ ಬಿಳಿ.

ಪೈಡ್ ಎಂದರೆ ಹಂಡ: ಬಣ್ಣದ ಮೈಯಲ್ಲಿ ಬಿಳಿ ತೇಪೆ. ವೈಟ್ ಐ ಎಂದರೆ ಸೋಗೆಯ ಕಣ್ಣುಗಳು ಬಿಳಿ, ಉಳಿದದ್ದಕ್ಕೆ ಬಣ್ಣವಿದೆ. ಎರಡೂ ಸೇರಿ ಮೈಯ ಬಹುಪಾಲು ಬಿಳಿಯಾಗಿ, ಕತ್ತಿನಲ್ಲಿ ಅಲ್ಲಲ್ಲಿ ಬಣ್ಣ ಉಳಿದರೆ ಸಿಲ್ವರ್ ಪೈಡ್.

ಹೊರದೇಶದ ಪಟ್ಟಿಯಲ್ಲಿ ‘ಪರ್ಪಲ್ ಬ್ಲ್ಯಾಕ್ ಶೋಲ್ಡರ್ ವೈಟ್ ಐ ಪೈಡ್’ ಎಂಬ ರೈಲಿನಂಥ ಹೆಸರು ಕಂಡರೆ ಈಗ ಬಿಡಿಸಬಹುದು. ಮೊದಲ ಪದ ಬಣ್ಣ, ಮುಂದಿನದೆಲ್ಲ ಚಿತ್ತಾರ. ಹಸಿರು ರಕ್ತ ಇದ್ದರೆ ಸ್ಪಾಲ್ಡಿಂಗ್ ಎಂಬ ಪದವೂ ಇರಬೇಕು. ಇರದಿದ್ದರೆ ಅದು ಪೂರ್ತಿ ನಮ್ಮ ನವಿಲಿನ ಪ್ರಭೇದದ್ದು. ಹೆಸರಿನಲ್ಲಿ ‘ಸ್ಪ್ಲಿಟ್’ ಎಂದು ಬಂದರೆ, ಅದರ ಮುಂದಿನ ಗುಣ ಹೊರಗೆ ಕಾಣದು, ಒಳಗೆ ಅಡಗಿದೆ ಎಂದರ್ಥ.

ಅಡಗಿದ ಗುಣದ ಲೆಕ್ಕ

ಓಪಲ್, ಮಿಡ್‌ನೈಟ್, ಬ್ರಾಂಜ್, ಕಪ್ಪು ಹೆಗಲು ಇಂಥವು ಕಾಣಿಸಿಕೊಳ್ಳಲು ತಾಯಿಯಿಂದಲೂ ತಂದೆಯಿಂದಲೂ ಆ ಗುಣದ ಒಂದೊಂದು ಪ್ರತಿ ಬರಬೇಕು. ಒಂದೇ ಪ್ರತಿ ಬಂದ ಹಕ್ಕಿ ಮಾಮೂಲಿಯಾಗೇ ಕಾಣುವ ಸ್ಪ್ಲಿಟ್. ಎರಡು ಸ್ಪ್ಲಿಟ್ ಕೂಡಿದರೆ ನಾಲ್ಕರಲ್ಲಿ ಒಂದು ಮರಿ ಬಣ್ಣದ್ದು, ಎರಡು ಸ್ಪ್ಲಿಟ್, ಒಂದು ಖಾಲಿ. ಆದ್ದರಿಂದ ಬಣ್ಣವಿಲ್ಲದೆ ಹುಟ್ಟಿದ ಪ್ರತಿ ಮೂರು ಮರಿಯಲ್ಲಿ ಎರಡು ಸ್ಪ್ಲಿಟ್ ಇರುವ ನಿರೀಕ್ಷೆ. ‘66% ಸ್ಪ್ಲಿಟ್’ ಎಂದು ಬರೆಯುವುದು ಈ ಮೂರರಲ್ಲೆರಡನ್ನು. ಆ ಹಕ್ಕಿಯ ಮೈಯಲ್ಲಿ 66% ಬಣ್ಣ ಇದೆ ಎಂದಲ್ಲ.

ಕ್ಯಾಮಿಯೋ, ಪರ್ಪಲ್, ಪೀಚ್ ಲೆಕ್ಕ ಬೇರೆ, ಇವು ಲಿಂಗದ ಜೊತೆ ಅಂಟಿಕೊಂಡವು. ಮನುಷ್ಯರಲ್ಲಿ ಗಂಡಿಗೆ ಎಕ್ಸ್, ವೈ ಎಂದು ಎರಡು ಬಗೆಯ ಲಿಂಗ ವರ್ಣತಂತು. ಹಕ್ಕಿಗಳಲ್ಲಿ ತಿರುಗುಮುರುಗು: ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಕ್ಯಾಮಿಯೋ ಗುಣ ಝಡ್ ಮೇಲೆ ಕೂತಿದೆ. ಕ್ಯಾಮಿಯೋ ಗಂಡಿಗೆ ನೀಲಿ ಹೆಣ್ಣು ಕೂಡಿಸಿದರೆ ಹೆಣ್ಣು ಮರಿಗಳೆಲ್ಲ ಕ್ಯಾಮಿಯೋ, ಗಂಡು ಮರಿಗಳೆಲ್ಲ ನೀಲಿಯಾಗಿ ಕಾಣುವ ಸ್ಪ್ಲಿಟ್. ಮರಿಯ ಬಣ್ಣ ನೋಡಿಯೇ ಲಿಂಗ ಹೇಳಬಹುದು. ತಿರುಗಿಸಿ ಶುದ್ಧ ನೀಲಿ ಗಂಡಿಗೆ ಕ್ಯಾಮಿಯೋ ಹೆಣ್ಣು ಕೂಡಿಸಿದರೆ ಎಲ್ಲ ಮರಿಗಳೂ ನೀಲಿ. ಗಂಡು ಮರಿಗಳಲ್ಲಿ ಗುಣ ಅಡಗಿದೆ, ಹೆಣ್ಣು ಮರಿಗಳಲ್ಲಿ ಇಲ್ಲವೇ ಇಲ್ಲ. ಹೆಣ್ಣಿಗೆ ಇರುವುದು ಒಂದೇ ಝಡ್, ಗುಣವಿದ್ದರೆ ಕಾಣಲೇಬೇಕು. ಹೀಗಾಗಿ ‘ಸ್ಪ್ಲಿಟ್ ಕ್ಯಾಮಿಯೋ ಹೆಣ್ಣು’ ಎಂದು ಯಾವ ಪಟ್ಟಿಯಲ್ಲಿ ಬರೆದಿದ್ದರೂ ಬರೆದವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ಕೊಳ್ಳುವವರಿಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ.

ಹಂಡದ್ದು ಇನ್ನೂ ವಿಚಿತ್ರ. ಬಿಳಿಯ ಒಂದು ಪ್ರತಿ, ಹಂಡದ ಒಂದು ಪ್ರತಿ ಎರಡೂ ಸೇರಿದಾಗ ಮಾತ್ರ ಒಳ್ಳೆಯ ಹಂಡ ಬರುತ್ತದೆ. ಎರಡು ಹಂಡ ಕೂಡಿದರೆ ನಾಲ್ಕರಲ್ಲಿ ಒಂದು ಪೂರ್ತಿ ಬಿಳಿ, ಎರಡು ಹಂಡ, ಒಂದು ಬಿಳಿ ತೀರಾ ಕಡಿಮೆಯಿರುವ ‘ಡಾರ್ಕ್ ಪೈಡ್’. ಹಂಡವನ್ನು ಶುದ್ಧ ನೀಲಿಗೆ ಕೂಡಿಸಿದರೆ ಹಂಡ ಮರಿ ಬರುವುದೇ ಇಲ್ಲ. ಪ್ರತಿ ಮರಿಗೂ ಬಿಳಿಯದೋ ಹಂಡದ್ದೋ ಒಂದೇ ಪ್ರತಿ ಸಿಕ್ಕು, ಹೆಚ್ಚೆಂದರೆ ಗದ್ದದ ಕೆಳಗೆ ಅಥವಾ ರೆಕ್ಕೆಯಲ್ಲಿ ನಾಲ್ಕು ಬಿಳಿ ಗರಿ ಕಾಣುತ್ತದೆ. ಬಿಳಿ ನವಿಲಿಗೆ ನೀಲಿ ಕೂಡಿಸಿದರೂ ಇದೇ ಕಥೆ. ಎರಡು ಬಣ್ಣ ಕಲಸಿದರೆ ತೇಪೆ ಬರುತ್ತದೆ ಎಂದು ನಂಬಿದವರಿಗೆ ನಿರಾಸೆ.

ನಮ್ಮ ಹೊಲದಲ್ಲಿ ವಿಚಿತ್ರ ಹಕ್ಕಿ ಕಂಡರೆ

ಈ ತಳಿಗಳ ಲೆಕ್ಕ ನಮ್ಮಲ್ಲಿ ಓದಿಗೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ನವಿಲು ಇದೆ. ಹಿಡಿಯುವುದು, ಕೊಲ್ಲುವುದು ಅಪರಾಧ, ಹೊಲದ ಬದುವಿನಲ್ಲಿ ಸಿಕ್ಕ ಮೊಟ್ಟೆಯನ್ನು ತಂದು ಕೋಳಿಯ ಕೆಳಗೆ ಕಾವಿಗಿಡುವುದೂ ಅಪರಾಧವೇ. 2022ರ ತಿದ್ದುಪಡಿಯ ನಂತರ ಕನಿಷ್ಠ 3 ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. ಬಿಳಿಯಾಗಲಿ ಹಂಡವಾಗಲಿ ಕಪ್ಪು ಹೆಗಲಾಗಲಿ, ಪ್ರಭೇದ ಒಂದೇ ಆದ್ದರಿಂದ ಕಾಯ್ದೆಯೂ ಒಂದೇ. ‘ಇದು ಫ್ಯಾನ್ಸಿ ತಳಿ, ಲೈಸೆನ್ಸ್ ಬೇಡ’ ಎನ್ನುವ ಮಾರಾಟಗಾರನ ಮಾತನ್ನು ನಂಬಿ ದುಡ್ಡು ಕೊಟ್ಟವರು ಸಿಕ್ಕಿಬೀಳುವುದು ಇಲ್ಲಿಯೇ. ತಾನಾಗಿ ಉದುರಿದ ಸೋಗೆಯ ಗರಿಗೆ ದೇಶದೊಳಗೆ ವಿನಾಯಿತಿ ಇದೆ, ವಿದೇಶಕ್ಕೆ ಒಯ್ಯುವಂತಿಲ್ಲ. ನಾಯಕನಹಟ್ಟಿಯ ಜಾತ್ರೆಯಲ್ಲೋ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲೋ ಗರಿ ಕೊಳ್ಳುವಾಗ ದಂಟಿನ ಬುಡ ನೋಡಿ. ಉದುರಿದ ಗರಿಯ ಬುಡ ಒಣಗಿ, ಬಿಳಿಚಿ, ನಯವಾಗಿ ಮುಗಿದಿರುತ್ತದೆ. ಕಿತ್ತ ಗರಿಯಲ್ಲಿ ರಕ್ತದ ಕಲೆ, ಅಂಟಿದ ಚರ್ಮ ಇರಬಹುದು. ಬುಡವನ್ನೇ ಕತ್ತರಿಸಿದ ಗರಿ ಬೇಡ, ಕತ್ತರಿಸಿದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ.

ಕಾಡಿನ ಹಿಂಡಿನಲ್ಲೂ ಅಪರೂಪಕ್ಕೆ ಬಿಳಿ ಅಥವಾ ಹಂಡ ಹಕ್ಕಿ ಹುಟ್ಟಬಹುದು. ಇನ್ನೊಂದು ಬಗೆಯ ‘ವಿಚಿತ್ರ’ವೂ ಇದೆ. ಮುದಿ ಹೆಣ್ಣಿನ ಅಂಡಾಶಯ ಕೆಲಸ ನಿಲ್ಲಿಸಿದರೆ ಮುಂದಿನ ಗರಿ ಬದಲಾವಣೆಯಲ್ಲಿ ಕತ್ತು ನೀಲಿಯಾಗಿ, ಸಣ್ಣ ಸೋಗೆಯೂ ಬೆಳೆಯಬಹುದು. ನವಿಲಿನ ಜಾತಿಯಲ್ಲಿ ಗಂಡಿನ ಥಳಕು ಮೂಲ ಉಡುಪು, ಹೆಣ್ಣಿನ ಹಾರ್ಮೋನು ಅದನ್ನು ತಡೆದಿಟ್ಟಿರುತ್ತದೆ. ತಡೆ ಹೋಯಿತು, ಗರಿ ಬಂತು. ಅಂಥ ಹಕ್ಕಿಯನ್ನು ಬೆರಕೆ ಎಂದು ಬರೆಯಬಾರದು.

ಕಂಡದ್ದನ್ನು ಬರೆದಿಡುವವರು ‘ವಿಚಿತ್ರ ನವಿಲು’ ಎಂದು ಬಿಟ್ಟರೆ ಯಾರಿಗೂ ಪ್ರಯೋಜನವಿಲ್ಲ. ಜುಟ್ಟು ಬೀಸಣಿಗೆಯೋ ಈಟಿಯೋ, ಮುಖದ ಚರ್ಮದ ಬಣ್ಣ, ಮಡಿಸಿದ ರೆಕ್ಕೆಯಲ್ಲಿ ಗೆರೆ ಇದೆಯೇ, ಹಾರುವಾಗ ದೊಡ್ಡ ಗರಿ ಕೆಂಗಂದೋ ಅಲ್ಲವೋ, ಬಿಳಿ ಗರಿ ಎಡಬಲ ಸಮವಾಗಿದೆಯೇ, ಸೋಗೆ ಹೊಸದೋ ಬಿಸಿಲಿಗೆ ಮಾಸಿದ್ದೋ, ತಿಂಗಳು ಯಾವುದು. ಹಕ್ಕಿ ಒದ್ದೆಯಾಗಿದ್ದರೆ ಅದನ್ನೂ ಬರೆಯಿರಿ, ಮಳೆಯಲ್ಲಿ ನೆನೆದ ನವಿಲು ಎರಡು ಪಟ್ಟು ಕಪ್ಪಾಗಿ ಕಾಣುತ್ತದೆ. ಬಿಳಿ ಹಕ್ಕಿಯಾದರೆ ಕಣ್ಣಿನ ಬಣ್ಣ ತಪ್ಪಿಸಬೇಡಿ. ಅದೊಂದು ಇಲ್ಲದಿದ್ದರೆ ಆಲ್ಬಿನೋ ಹೌದೋ ಅಲ್ಲವೋ ಎಂದು ಆಮೇಲೆ ಎಂಥ ತಜ್ಞರೂ ಹೇಳಲಾರರು.